ಕೂದಲಿಗೆಂದು ನುಂಗಿದ ಗುಳಿಗೆ

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಸುವವನು, ನಾಯಿ ಬಾಲ ಅಲ್ಲಾಡಿಸಿದರೂ ರಸ್ತೆಯ ಆಚೆ ಬದಿಗೆ ಸರಿಯುವವನು, ಸೂಜಿ ಚುಚ್ಚುವ ಮೊದಲೇ ‘ಅವ್ವಾ’ ಎನ್ನುವವನು. ಆದರೆ ಇಂಥ ಭಯಗಳಿಗೆ ಒಂದು ಸುಖವಿದೆ. ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಕೇಳಿದವರು ನಕ್ಕು, ತಮ್ಮದೊಂದು ಭಯವನ್ನೂ ಸೇರಿಸಿ, ಚಹಾ ಕುಡಿಸಿ ಕಳಿಸುತ್ತಾರೆ. ಹೇಳಿಕೊಳ್ಳಲಾಗದ ಭಯದ ಜಾತಿಯೇ ಬೇರೆ. ಅದು ಅಂಗಿಯ ಒಳಗೆ ಕೂತು ಬೆಳೆಯುತ್ತದೆ. ನನ್ನ ವಿಷಯದಲ್ಲಿ ಇದು ಬರಿಯ ಮಾತಿನ ಚಂದಕ್ಕೆ ಹೇಳಿದ್ದಲ್ಲ. ಅದು ನಿಜವಾಗಿಯೂ ನನ್ನ ಅಂಗಿಯ ಒಳಗೇ ಬೆಳೆಯಿತು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಗಳಾಗಿದ್ದವು. ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ, ಮನೆ ಬಸವಕಲ್ಯಾಣದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬಸ್ಸು ಹಿಡಿದು ಬರುವುದು. ಮನೆಯಲ್ಲಿ ಅವ್ವ, ಹೆಂಡತಿ ಸುವರ್ಣಾ, ಆಗಷ್ಟೇ ಶಾಲೆಗೆ ಹೋಗತೊಡಗಿದ್ದ ಮಗಳು. ಎಲ್ಲವೂ ಇತ್ತು, ತಲೆಯ ಮೇಲಿನ ಕೂದಲೊಂದನ್ನು ಬಿಟ್ಟು. ಅದು ಮೂವತ್ತು ದಾಟುತ್ತಲೇ ಹಣೆಯ ಎರಡೂ ಮೂಲೆಯಿಂದ ಹಿಂದೆ ಸರಿಯತೊಡಗಿತು. ಆಮೇಲೆ ನಡುನೆತ್ತಿಯಲ್ಲಿ ಒಂದು ಒಕ್ಕಣೆಯ ಕಣ ಮಾಡಿಕೊಂಡಿತು. ರಾಶಿಯೊಂದು ಬಾಕಿ. ಫೋಟೋಗ್ರಾಫರನ ಕಷ್ಟವೆಂದರೆ ದಿನವಿಡೀ ಪರರ ತಲೆಯನ್ನೇ ನೋಡಬೇಕು. ‘ಸ್ವಲ್ಪ ಗದ್ದ ಕೆಳಗ ಮಾಡ್ರಿ’ ಎಂದೊಡನೆ ನನ್ನೆದುರು ಒಂದು ಸಮೃದ್ಧ ತಲೆ ಬಾಗುತ್ತಿತ್ತು. ಮದುವೆ ಗಂಡುಗಳ ಫೋಟೋದಲ್ಲಿ ಬಕ್ಕಾದ ಹಣೆಗೆ ಪ್ರಿಂಟಿನ ಮೇಲೆ ಪೆನ್ಸಿಲಿನಿಂದ ಕೂದಲು ಎಳೆದು ಎಷ್ಟೋ ಸಂಬಂಧಗಳನ್ನು ಕುದುರಿಸಿಕೊಟ್ಟವನು ನಾನು. ನನ್ನ ತಲೆಗೆ ಪೆನ್ಸಿಲು ನಡೆಯುವಂತಿರಲಿಲ್ಲ.

ಉಳ್ಳಾಗಡ್ಡಿ ರಸ ಹಚ್ಚಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯಿತೇ ಹೊರತು ತಲೆಯ ಖಾಲಿ ತುಂಬಲಿಲ್ಲ. ಮೊಸರು, ಮೆಂತ್ಯೆ, ಗರಗದ ಸೊಪ್ಪಿನ ಎಣ್ಣೆ ಎಲ್ಲವೂ ಆಯಿತು. ಇಷ್ಟಾದರೂ ಗುಳಿಗೆ ನುಂಗುವ ವಿಚಾರ ನನಗೆ ಬಂದಿರಲಿಲ್ಲ. ಅದು ಬಂದದ್ದು ನಿರ್ಣಾದ ಒಂದು ಮದುವೆಯಲ್ಲಿ. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅಕ್ಷತೆಯ ಫೋಟೋಗೆ ಜಾಗ ಹುಡುಕುತ್ತಿದ್ದಾಗ, ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದು ನಿಂತು, ‘ಬರ್ರಿ ಮುತ್ಯಾ, ನೀವ ಕೂಡ್ರಿ. ಎಷ್ಟೊತ್ತ ನಿಲ್ತೀರಿ ಪಾಪ!’ ಎಂದು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನನ್ನನ್ನು ಅಜ್ಜನೆಂದು ಕರೆದ ಅವರಿಗೇ ಮೊಮ್ಮಕ್ಕಳಿದ್ದರು, ಅದು ಅವರ ಮೊಮ್ಮಗನದೇ ಮದುವೆ. ನನಗಿನ್ನೂ ಮೂವತ್ತೈದು ಮುಗಿದಿರಲಿಲ್ಲ. ಆ ದಿನ ತೆಗೆದ ಫೋಟೋಗಳೆಲ್ಲ ಸ್ವಲ್ಪ ಅಲುಗಿ ಬಂದಿದ್ದವು.

ಮುಂದಿನ ವಾರವೇ ಗುಲಬರ್ಗಾಕ್ಕೆ ಹೋಗಿ ಚರ್ಮದ ಡಾಕ್ಟರಿಗೆ ತಲೆ ತೋರಿಸಿದೆ. ಅವರು ದೀಪ ಬಿಟ್ಟು ನೋಡಿ, ದಿನಕ್ಕೊಂದು ಸಣ್ಣ ಗುಳಿಗೆ ಬರೆದರು. ಏನೋ ಎಚ್ಚರಿಕೆಯನ್ನೂ ಹೇಳಿದರು. ನನ್ನ ಗಮನವೆಲ್ಲ ಅವರ ಸ್ವಂತ ಕೂದಲಿನ ಮೇಲಿದ್ದುದರಿಂದ ಕಿವಿಗೆ ಬೀಳಲಿಲ್ಲ. ಹುಮನಾಬಾದಿಗೆ ಬಂದು ಔಷಧಿ ಅಂಗಡಿಯ ಖಲೀಲ್ ಭಾಯಿಗೆ ಚೀಟಿ ಕೊಟ್ಟೆ. ಖಲೀಲ್ ಭಾಯಿ ನನ್ನ ಹಳೆಯ ಸ್ನೇಹಿತ. ಚೀಟಿ ನೋಡಿ, ನನ್ನ ತಲೆ ನೋಡಿ, ದನಿ ತಗ್ಗಿಸಿ ಹೇಳಿದ:

‘ಈ ಛೋಟಾ ಗುಳಿಗಿ ನಮ್ಮ ಕಡಿ ಸಿಗಂಗಿಲ್ರಿ. ಹೈದರಾಬಾದಿಂದ ತರಸಬೇಕು, ಯಾವಾಗ ಬರ್ತದೋ ಏನೋ. ಇದೇ ದವಾ ದೊಡ್ಡ ಗುಳಿಗಿಯಾಗ ಅದ. ಮುದುಕ್ರಿಗಿ ಉಚ್ಚಿ ಕಟ್ಟಿದ್ರ ಕೊಡ್ತಾರ. ನಾಕ ತುಕಡಾ ಮಾಡ್ರಿ, ದಿನಾ ಒಂದು ತಗೋರಿ. ಬೇಫಿಕರ್ ಇರ್ರಿ.’

ಮುತ್ಯಾ ಅನಿಸಿಕೊಳ್ಳಬಾರದೆಂದು ಹೊರಟವನು ಮುತ್ಯಾಗಳ ಗುಳಿಗೆಯನ್ನೇ ತೆಗೆದುಕೊಂಡು ಮನೆಗೆ ಬಂದೆ.

ತುಂಡು ಮಾಡುವುದು ಹೇಳಿದಷ್ಟು ಸುಲಭವಿರಲಿಲ್ಲ. ನಾನು ಬ್ಲೇಡು ಹಚ್ಚಿದರೆ ಗುಳಿಗೆ ಹಾರಿ ಕಪಾಟಿನ ಕೆಳಗೆ ಹೋಗುತ್ತಿತ್ತು. ಎರಡು ದಿನ ನಾನು ಮೊಣಕಾಲೂರಿ ಕಸ ತಡಕುವುದನ್ನು ನೋಡಿದ ಸುವರ್ಣಾ, ‘ಕೊಡ್ರಿ ಇಲ್ಲಿ’ ಎಂದು ಅವ್ವನ ಅಡಕೊತ್ತು ತಂದಳು. ಅಡಿಕೆ ಕತ್ತರಿಸಿ ಪಳಗಿದ ಕೈ. ಗುಳಿಗೆ ನಾಲ್ಕು ಸಮಪಾಲಾಗಿ ಬಿತ್ತು. ಉದುರಿದ ಪುಡಿಯನ್ನು ಬೆರಳಿನಿಂದ ಒತ್ತಿ ತೆಗೆದು ನನ್ನ ಹಾಲಿನ ಲೋಟಕ್ಕೆ ಝಾಡಿಸಿದಳು. ‘ದಂಡ ಯಾಕ ಮಾಡ್ತೀರಿ? ಅದರಾಗೂ ನಾಕ ಕೂದಲಾ ಇರ್ತಾವ’ ಎಂದಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಅದೇ ದಿನಗಳಲ್ಲಿ ಅವಳು ಮತ್ತೆ ಬಸುರಿಯೆಂದು ತಿಳಿಯಿತು. ಅವ್ವ ಊರಿಗೆಲ್ಲ ಸುದ್ದಿ ಮುಟ್ಟಿಸಿ, ಈ ಸಲ ಗಂಡೇ ಎಂದು ತೀರ್ಮಾನವನ್ನೂ ಕೊಟ್ಟಳು.

ಗುಳಿಗೆ ತನ್ನ ಕೆಲಸ ಶುರು ಮಾಡಿತು. ಮೊದಲು ಇದ್ದ ಕೂದಲೂ ಉದುರಿದವು. ಹಳೆಯದು ಹೋಗಿ ಹೊಸದು ಬರುತ್ತದೆ ಎಂದು ಖಲೀಲ್ ಭಾಯಿ ಧೈರ್ಯ ಹೇಳಿದ. ಆಮೇಲೊಂದು ದಿನ ಸ್ಟುಡಿಯೋದಲ್ಲಿ ಒಂದು ಕುಟುಂಬದ ಫೋಟೋ ತೆಗೆಯಲು ಬಗ್ಗಿದೆ. ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾ ಎಡಗಡೆ ಎದೆಗೆ ತಾಕಿತು. ಕಣ್ಣಲ್ಲಿ ನೀರು ಬಂತು. ಕ್ಯಾಮೆರಾ ಹದಿನೈದು ವರ್ಷಗಳಿಂದ ಅದೇ ಎದೆಗೆ ತಾಕುತ್ತಲೇ ಬಂದಿತ್ತು, ಒಂದು ದಿನವೂ ನೋಯಿಸಿರಲಿಲ್ಲ. ಗಿರಾಕಿಗಳು ಹೋದ ಮೇಲೆ ಪರದೆ ಎಳೆದು, ಅಂಗಿ ತೆಗೆದು, ಜನ ತಲೆ ಬಾಚಿಕೊಳ್ಳುವ ಆ ದೊಡ್ಡ ಕನ್ನಡಿಯೆದುರು ನಿಂತೆ. ನನ್ನ ಕಣ್ಣು ಅಳತೆಗೆ ಪಳಗಿದ್ದು, ಸುಳ್ಳು ಹೇಳುವುದಿಲ್ಲ. ಎಡಗಡೆ ಸ್ವಲ್ಪ ಉಬ್ಬಿತ್ತು. ಮುಟ್ಟಿದರೆ ಒಳಗೆ ಹುಣಸೆ ಬೀಜದಂಥದ್ದೊಂದು ಗಂಟು.

ಮೊದಲು ಬಂದ ವಿಚಾರ ಕ್ಯಾನ್ಸರು. ಎರಡನೆಯದು ಅದಕ್ಕಿಂತ ಭಯಂಕರ: ಇದು ಹೀಗೇ ಬೆಳೆಯುತ್ತ ಹೋದರೆ? ಕಲ್ಯಾಣದ ಓಣಿಯಲ್ಲಿ ಜನ ಏನೆನ್ನಬಹುದು? ಅಂದಿನಿಂದ ಸಡಿಲ ಅಂಗಿ ಹಾಕತೊಡಗಿದೆ. ಬಸ್ಸಿನಲ್ಲಿ ಚೀಲವನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ಕೂಡುತ್ತಿದ್ದೆ. ಕಂಡಕ್ಟರು ಒಮ್ಮೆ, ‘ಏನ್ರೀ, ಚೀಲದಾಗ ಬಂಗಾರ ಅದ ಏನು?’ ಎಂದು ಕೇಳಿದ. ಇನ್ನೊಂದು ವಿಷಯವೂ ಇತ್ತು. ಅದು ಗಂಡ ಹೆಂಡಿರ ನಡುವಿನದು. ಆ ಕಡೆ ಮನಸ್ಸೇ ಹೋಗದಾಗಿತ್ತು. ಸುವರ್ಣಾ ಬಸುರಿಯಾಗಿದ್ದರಿಂದ ನನ್ನ ಮರ್ಯಾದೆ ಉಳಿಯಿತು. ಗೋಡೆಯ ಕಡೆ ಮುಖ ಮಾಡಿ ಮಲಗುವವನನ್ನು ಅವಳು ಸಂಭಾವಿತನೆಂದುಕೊಂಡಳು. ಇಷ್ಟಾದರೂ ಇದೆಲ್ಲ ಗುಳಿಗೆಯ ಕೆಲಸವೆಂದು ನನಗೆ ಹೊಳೆಯಲಿಲ್ಲ. ತಲೆಗೆಂದು ನುಂಗಿದ್ದು ಎದೆಗೆ ಯಾಕೆ ಹೋದೀತು?

ಅದು ಹೊಳೆಯುವಂತೆ ಮಾಡಿದವನು ಬಸ್ಸಿನಲ್ಲಿ ಸಿಕ್ಕ ಒಬ್ಬ ತರುಣ. ಕೊರಳಲ್ಲಿ ಟೈ, ತೊಡೆಯ ಮೇಲೆ ದಪ್ಪ ಚರ್ಮದ ಚೀಲ. ಡಾಕ್ಟರುಗಳ ಬಳಿ ಹೋಗಿ ತನ್ನ ಕಂಪನಿಯ ಔಷಧಿಗಳ ಗುಣಗಾನ ಮಾಡುವ ಕೆಲಸದವನು. ಆ ದಿನ ಹೊಸದಾಗಿ ಕೊಂಡ ಗುಳಿಗೆಯ ಪಟ್ಟಿ ನನ್ನ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. ಅದರ ಮೇಲೆ ಕಣ್ಣು ಹಾಯಿಸಿ ಕೇಳಿದ:

‘ಸರ್, ನಿಮ್ಮ ತಂದಿಯವ್ರಿಗಿ ಪ್ರಾಸ್ಟೇಟ್ ತ್ರಾಸ ಅದ ಏನ್ರಿ?’

‘ನಮ್ಮ ತಂದಿ ತೀರಿಕೊಂಡು ಭಾಳ ವರ್ಷ ಆಯ್ತು.’

‘ಹಂಗಾದ್ರ ನಿಮಗ?’ ಎಂದವನು ನನ್ನ ತಲೆ ನೋಡಿ, ‘ಓಹೋ, ಹಂಗೇನು!’ ಎಂದ. ‘ಛಲೋ ಅದ ಬಿಡ್ರಿ. ಎಷ್ಟೋ ಮಂದಿಗಿ ಏನೂ ಆಗಂಗಿಲ್ಲ. ಕೆಲವ್ರಿಗಿ ಮಾತ್ರ ಎದಿ ಉಬ್ಬತದ, ನೋಯ್ತದ. ಕೆಲವ್ರಿಗಿ ಮನ್ಯಾಗಿನ ಸಂಸಾರ ಠಂಡಾ ಆಗ್ತದ. ನಿಮಗ ಹಂಗೇನೂ ಇಲ್ಲಲ್ರಿ?’

ನಾನು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು ‘ಇಲ್ಲ’ ಎಂದೆ. ಆದರೆ ಒಳಗೊಳಗೆ ಎಂಥ ಸಮಾಧಾನ! ಕ್ಯಾನ್ಸರಲ್ಲ, ಗುಳಿಗೆ. ಬಿಟ್ಟರಾಯಿತು. ಅವನ ಕೈ ಕುಲುಕಬೇಕೆನ್ನುವಷ್ಟರಲ್ಲಿ ಆ ಪುಣ್ಯಾತ್ಮ ಕಿಟಕಿಯಾಚೆ ನೋಡುತ್ತ ಮಾತು ಮುಂದುವರಿಸಿದ.

‘ಒಂದ ಮಾತು ನೆನಪಿಡ್ರಿ ಸರ್. ಬಸುರಿ ಹೆಣ್ಮಕ್ಕಳು ಇದ್ರ ಮನ್ಯಾಗ, ಅವ್ರಿಗಿ ಮುಟ್ಟಸಬ್ಯಾಡ್ರಿ. ಇಡೀ ಗುಳಿಗಿ ಮುಟ್ಟಿದ್ರ ಚಿಂತಿಲ್ಲ, ಮ್ಯಾಲ ಲೇಪ ಇರ್ತದ. ಒಡದದ್ದು, ಪುಡಿ ಆಗಿದ್ದು ಮುಟ್ಟಬಾರದು. ಹೊಟ್ಟ್ಯಾಗ ಗಂಡುಕೂಸು ಇತ್ತಂದ್ರ ಅದಕ್ಕ ಧಕ್ಕಿ. ಗಂಡಿನ ಅಂಗ ಸರಿಯಾಗಿ ಬೆಳಿಯಂಗಿಲ್ಲ ಅಂತಾರ.’

ಬಸ್ಸು ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ನಿಂತಿತು. ಅವನು ಅಲ್ಲಿ ಇಳಿದುಹೋದ. ಇಳಿಯುವಾಗ ನಕ್ಕು ಕೈ ಬೀಸಿದ. ನಾನು ಕೈ ಎತ್ತಿದೆನೋ ಇಲ್ಲವೋ ನೆನಪಿಲ್ಲ. ಅಡಕೊತ್ತಿನ ಬಾಯಲ್ಲಿ ಉದುರಿದ ಬಿಳಿ ಪುಡಿ, ಅದನ್ನು ಒತ್ತಿ ತೆಗೆಯುತ್ತಿದ್ದ ಸುವರ್ಣಾಳ ಬೆರಳು, ಇವೆರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅವಳಿಗೆ ಆಗ ಮೂರನೆಯ ತಿಂಗಳು ನಡೆಯುತ್ತಿತ್ತು.

ಬಸ್ಸಿಳಿದು ಮನೆಯವರೆಗೆ ಓಡಿದೆ. ನಾನು ಓಡುವುದನ್ನು ಕಂಡ ಪರಿಚಯದವರಿಬ್ಬರು ಕಾರಣ ತಿಳಿಯದೆ ಸ್ವಲ್ಪ ದೂರ ನನ್ನ ಜೊತೆ ಓಡಿದರು. ಒಳಗೆ ಹೋದರೆ ಸುವರ್ಣಾ ಅವ್ವನ ಪಕ್ಕದಲ್ಲಿ ಕೂತು ಅಡಕೊತ್ತು ಹಿಡಿದಿದ್ದಾಳೆ.

‘ಮುಟ್ಟಬ್ಯಾಡ! ಕೆಳಗಿಡು!’ ಎಂದು ಕಿರುಚಿದೆ.

‘ಅಡಕಿ ರೀ, ಅತ್ತೀಗಿ’ ಎಂದಳು ಅವಳು, ಬೆಚ್ಚಿ.

ನಾನು ಕೇಳಲಿಲ್ಲ. ಅಡಕೊತ್ತು ಕಿತ್ತುಕೊಂಡು ಹಿತ್ತಲಿಗೆ ಹೋಗಿ ಸೋಪು ಹಚ್ಚಿ ತೊಳೆದೆ, ಬೂದಿ ಹಚ್ಚಿ ತಿಕ್ಕಿದೆ, ಅಷ್ಟಕ್ಕೂ ಸಮಾಧಾನವಾಗದೆ ಹಿತ್ತಲ ಗೋಡೆಯಾಚೆ ಎಸೆದುಬಿಟ್ಟೆ. ಅದು ಅವ್ವನಿಗೆ ನಾರಾಯಣಪುರದ ತವರಿನಿಂದ ಬಂದದ್ದು. ‘ಏ ಯಪ್ಪಾ, ಇವಗ ಏನ ಬಡೀತೋ! ನಮ್ಮವ್ವ ಕೊಟ್ಟಿದ್ದ ಅಡಕೊತ್ತೋ ಅದು!’ ಎಂದು ಅವ್ವ ಅಳತೊಡಗಿದಳು. ಸುವರ್ಣಾ ಅಳಲಿಲ್ಲ. ನನ್ನ ರಟ್ಟೆ ಹಿಡಿದು ಒಳಕೋಣೆಗೆ ಕರೆದುಕೊಂಡು ಹೋಗಿ, ‘ಈಗ ಹೇಳ್ರಿ’ ಎಂದಳು.

ಹೇಳಿದೆ. ಎದೆಯ ಗಂಟಿನಿಂದ ಹಿಡಿದು ಸಸ್ತಾಪುರ ಬಂಗ್ಲಾದವರೆಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳುತ್ತ ಕೇಳುತ್ತ ತನ್ನ ಬಲಗೈಯ ಬೆರಳುಗಳನ್ನೇ ನೋಡತೊಡಗಿದಳು. ಆಮೇಲೆ ಆ ಕೈಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕುವ ಸುವರ್ಣಾಳನ್ನು ನಾನು ಬಲ್ಲೆ. ಹೀಗೆ ಸುಮ್ಮನೆ ಕೈ ಒರೆಸಿಕೊಳ್ಳುವ ಸುವರ್ಣಾಳನ್ನು ಅಂದೇ ಮೊದಲು ಕಂಡದ್ದು.

‘ಗಂಡಾಗ್ಲಿ ಹೆಣ್ಣಾಗ್ಲಿ, ಹ್ಯಾಂಗರೆ ಬರ್ಲಿ, ನನ್ನ ಕೂಸು ಅದು’ ಎಂದಳು ಕೊನೆಗೆ. ‘ನಾಳಿ ಡಾಕ್ಟರ್ ಬಾಯಿ ಕಡಿ ಹೋಗೂಣು. ನೀವು ಬಾಯಿ ಬಿಡಬ್ಯಾಡ್ರಿ, ನಾ ಮಾತಾಡ್ತೀನಿ.’

ಆ ಮಾತಿನಂತೆ ನಡೆದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಪುಕ್ಕಲರಿಗೆ ಬಾಯಿ ಮೊದಲು. ಡಾಕ್ಟರ್ ಬಾಯಿ ಎಂದರೆ ನಮ್ಮೂರಿನ ಹೆರಿಗೆ ಆಸ್ಪತ್ರೆಯ ಹಿರಿಯ ವೈದ್ಯೆ. ಊರ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದು, ಹಾಗಾಗಿ ಅರ್ಧ ಊರಿಗೆ ಅವರೆಂದರೆ ಹೆದರಿಕೆ. ಸುವರ್ಣಾ ಕುರ್ಚಿಯಲ್ಲಿ ಕೂಡುವಷ್ಟರಲ್ಲಿ ನಾನು ನಿಂತೇ ಕೇಳಿಬಿಟ್ಟೆ:

‘ಮೇಡಂ, ಸ್ಕ್ಯಾನ್ ಮಾಡಿ ಹೆಣ್ಣೋ ಗಂಡೋ ಹೇಳ್ತೀರೇನ್ರಿ?’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಬೆನ್ನ ಹಿಂದಿನ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲಿ ದಪ್ಪ ಅಕ್ಷರದಲ್ಲಿ, ಭ್ರೂಣದ ಲಿಂಗ ಕೇಳುವುದೂ ಹೇಳುವುದೂ ಅಪರಾಧ ಎಂದು ಬರೆದಿತ್ತು.

‘ಓದಾಕ ಬರ್ತದಿಲ್ಲೋ? ಒಂದು ಹೆಣ್ಣು ಅದ, ಇನ್ನೊಂದು ಬಂದ್ರ ತೆಗಸಾವ್ರು. ಅಲ್ಲೇನು?’

‘ಇಲ್ರೀ ಮೇಡಂ, ನನಗ ಹೆಣ್ಣ ಬೇಕು! ಗಂಡು ಬ್ಯಾಡ!’

‘ಬಂದವ್ರೆಲ್ಲಾ ಹಿಂಗೇ ಅಂತಾರ. ಪೊಲೀಸ್ರಿಗಿ ಫೋನ್ ಮಾಡ್ಲೇನು?’

ನನ್ನ ಹಣೆಯಿಂದ ಬೆವರು ಇಳಿಯತೊಡಗಿತು. ತಡೆಯಲು ಮೇಲೆ ಕೂದಲಿರಲಿಲ್ಲ. ನೇರ ಕಣ್ಣಿಗೇ ಬಂತು. ಹೆಣ್ಣುಭ್ರೂಣ ಹತ್ಯೆಗೆ ಬಂದವನೆಂದು ಠಾಣೆಯಲ್ಲಿ ಕೂಡಿಸುತ್ತಾರೆ, ಅಂಗಿ ಬಿಚ್ಚು ಎನ್ನುತ್ತಾರೆ, ಆಮೇಲೆ ಒಳಗಿನದೂ ಬಯಲಾಗುತ್ತದೆ. ಇಷ್ಟೂ ಒಂದೇ ಕ್ಷಣದಲ್ಲಿ ಕಣ್ಮುಂದೆ ಹಾದುಹೋಯಿತು. ಸುವರ್ಣಾ ನನ್ನನ್ನು ಪಕ್ಕಕ್ಕೆ ಸರಿಸಿ, ಗುಳಿಗೆಯ ಪಟ್ಟಿಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೊಂದಾಗಿ ಹೇಳಿದಳು. ಡಾಕ್ಟರ್ ಬಾಯಿ ಕೇಳುತ್ತ ಮೊದಲು ನನ್ನ ತಲೆ ನೋಡಿದರು, ನಗು ನುಂಗಿಕೊಂಡರು. ಪುಡಿಯ ಮಾತು ಬಂದಾಗ ನಗು ಹೋಯಿತು. ಯಾವಾಗಿನಿಂದ ಕತ್ತರಿಸಿದಿರಿ, ಕೈ ತೊಳೆಯುತ್ತಿದ್ದಿರೋ ಇಲ್ಲವೋ, ಬೆರಳು ಬಾಯಿಗೆ ಹೋಗಿತ್ತೋ ಎಂದೆಲ್ಲ ಕೇಳಿದರು.

‘ನೋಡವ್ವಾ’ ಎಂದರು ಸುವರ್ಣಾಳಿಗೆ. ‘ನೀ ಏನೂ ನುಂಗಿಲ್ಲ. ಬೆರಳಿಗಿ ಹತ್ತಿದ್ದು ಭಾಳ ಕಡಿಮಿ. ಏನೂ ಆಗಿರ್ಲಿಕ್ಕಿಲ್ಲ ಅಂತ ನನಗನಸ್ತದ. ಆದ್ರ ಏನೂ ಆಗೇ ಇಲ್ಲಂತ ಬರದು ಕೊಡಾಕ ಬರಂಗಿಲ್ಲ. ಇವತ್ತಿಂದ ಅದು ಮನ್ಯಾಗ ಇರಬಾರದು. ಸ್ಕ್ಯಾನಿನ್ಯಾಗ ಏನರೆ ಬ್ಯಾರೆ ಕಂಡ್ರ ಮುಚ್ಚಿಡಂಗಿಲ್ಲ, ಹೇಳ್ತೀನಿ.’ ಆಮೇಲೆ ನನ್ನ ಕಡೆ ತಿರುಗಿ, ‘ನೀವೂ ಬಿಡ್ರಿ. ಎದಿದು ಇಳೀತದ. ಇಳೀಲಿಲ್ಲಂದ್ರ ಸರ್ಜನ್‌ಗಿ ತೋರಸ್ರಿ’ ಎಂದರು.

ಬಿಟ್ಟೆ. ಎದೆಯ ಗಂಟು ದಿನ ಕಳೆದಂತೆ ಕರಗಿತು. ಮನಸ್ಸೂ ಗೋಡೆಯಿಂದ ಈಚೆ ತಿರುಗಿತು. ಹಣೆಯ ಮೇಲೆ ಆಗಷ್ಟೇ ಚಿಗುರಿದ್ದ ನಾಲ್ಕು ನವಿರು ಕೂದಲೂ ಉದುರಿಹೋದವು. ಉದುರಿದವುಗಳ ಕಡೆ ನಾನು ತಿರುಗಿಯೂ ನೋಡಲಿಲ್ಲ. ಡಾಕ್ಟರ್ ಬಾಯಿ ಸ್ಕ್ಯಾನು ನೋಡಿದಾಗಲೆಲ್ಲ ‘ಎಲ್ಲಾ ಸರಿ ಅದ’ ಎನ್ನುತ್ತಿದ್ದರು. ಸುವರ್ಣಾ ಅದನ್ನು ನಂಬಿ ಊಟ ಮಾಡುತ್ತಿದ್ದಳು. ನಾನು ಮನೆಗೆ ಬರುವ ದಾರಿಯುದ್ದಕ್ಕೂ ಆ ಮೂರು ಪದಗಳನ್ನು ಬಿಡಿಸಿ ನೋಡುತ್ತಿದ್ದೆ. ‘ಎಲ್ಲಾ’ ಎಂದರೆ ಅದೂ ಸೇರಿತೋ? ಮುಖ ಸ್ವಲ್ಪ ಸಪ್ಪಗಿತ್ತಲ್ಲ? ಹೆಣ್ಣಾದರೆ ಭಯವಿಲ್ಲ, ಆ ತರುಣ ಹೇಳಿದ್ದು ಗಂಡಿನ ಮಾತು. ಹಾಗಾಗಿ ನನಗೆ ಉಳಿದದ್ದು ಒಂದೇ ದಾರಿ, ಹೆಣ್ಣಾಗಲಿ ಎಂದು ಬೇಡಿಕೊಳ್ಳುವುದು. ಕಷ್ಟವೆಂದರೆ ಅವ್ವನೂ ಬೇಡಿಕೊಳ್ಳುತ್ತಿದ್ದಳು. ಪ್ರತಿ ಸೋಮವಾರ ತಾಯಿ ಮಗ ಕೂಡಿ ಬಸವಣ್ಣನ ಗುಡಿಗೆ ಹೋಗುತ್ತಿದ್ದೆವು. ಅವಳು ಕಾಯಿ ಒಡೆಸಿ ಬಾಯಿಬಿಟ್ಟು ಮೊಮ್ಮಗನನ್ನು ಕೇಳುತ್ತಿದ್ದಳು. ಅವಳ ಪಕ್ಕದಲ್ಲೇ ಕಣ್ಣುಮುಚ್ಚಿ ನಿಂತ ನಾನು, ಆ ಅರ್ಜಿಯನ್ನು ತಳ್ಳಿಹಾಕಬೇಕೆಂದು ಮನಸ್ಸಿನಲ್ಲೇ ಬೇಡುತ್ತಿದ್ದೆ. ಹೊರಬರುವಾಗ ಅವ್ವ, ‘ನನ್ನ ಮಗಾ ಎಷ್ಟು ಭಕ್ತಿಲೆ ಬೇಡ್ಕೊಂತಾನ ನೋಡ್ರೆವ್ವಾ’ ಎಂದು ಸುತ್ತಲಿದ್ದ ಹೆಂಗಸರಿಗೆ ಹೇಳುತ್ತಿದ್ದಳು.

ಹೆರಿಗೆಯ ದಿನ ಮಧ್ಯಾಹ್ನ ಘಾಟಬೋರಾಳದಿಂದ ನಮ್ಮ ಅತ್ತೆಯೂ ಬಂದಿದ್ದರು. ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ನಾನು ನಿಂತಿದ್ದೆ, ಕೂಡಲು ಆಗುತ್ತಿರಲಿಲ್ಲ. ಒಳಗಿನಿಂದ ಸುವರ್ಣಾಳ ಚೀರುವಿಕೆ ಕೇಳಿದಾಗಲೆಲ್ಲ ಬಾಗಿಲವರೆಗೆ ಹೋಗಿ ಮರಳಿ ಬರುತ್ತಿದ್ದೆ. ಅವಳು ಬದುಕಿ ಬಂದರೆ ಸಾಕು, ಕೂಸು ಹೇಗಿದ್ದರೂ ಎತ್ತಿಕೊಳ್ಳುತ್ತೇನೆ, ಅವಳು ಅಂದಂತೆಯೇ ಅನ್ನುತ್ತೇನೆ ಎಂದುಕೊಂಡೆ. ಆ ಒಂದು ಗಳಿಗೆ ಹೆಣ್ಣೋ ಗಂಡೋ ಎಂಬುದು ನಿಜವಾಗಿಯೂ ಮರೆತುಹೋಗಿತ್ತು. ಆಗ ಕೂಸು ಅತ್ತದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲಿಗೆ ಬಂದರು. ಸೆರಗಿನ ತುದಿ ಕೈಯಲ್ಲಿ ಹಿಂಡುತ್ತಿದ್ದರು.

‘ಸುವರ್ಣಾ ಆರಾಮ ಅದಾಳ್ರಿ’ ಎಂದರು. ಆಮೇಲೆ ದನಿ ಇಳಿಸಿ, ‘ಹೆಣ್ಣ ಆಗ್ಯದ್ರಿ ಅಳಿಯಾ. ದೇವರು ಕೊಟ್ಟಿದ್ದು. ಮನಸಿಗಿ ಹಚ್ಕೋಬ್ಯಾಡ್ರಿ’ ಎಂದರು.

ನಾನು ಅವರ ಕಾಲಿಗೆ ಬಿದ್ದೆ. ಎದ್ದು ಅವರ ಎರಡೂ ಕೈ ಹಿಡಿದು ‘ಹೆಣ್ಣಾ? ಖರೇನಾ? ಹೆಣ್ಣಾ?’ ಎಂದು ಕುಣಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಅತ್ತೆ ಹೆದರಿ ಎರಡು ಹೆಜ್ಜೆ ಹಿಂದೆ ಸರಿದರು. ಚೌಕಕ್ಕೆ ಓಡಿ, ಅಂಗಡಿಯಲ್ಲಿದ್ದ ಪೇಢೆಯನ್ನೆಲ್ಲ ಕಟ್ಟಿಸಿಕೊಂಡು ಬಂದು, ವಾರ್ಡಿನ ಪ್ರತಿ ಮಂಚಕ್ಕೂ ಹಂಚಿದೆ. ಗಂಡು ಹೆತ್ತವರ ಕಡೆಯವರೂ ಇಷ್ಟು ಹಂಚಿರಲಿಲ್ಲ. ‘ಎರಡನೇದೂ ಹೆಣ್ಣಂತ, ಆದ್ರೂ ನೋಡ್ರಿ!’ ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಡಾಕ್ಟರ್ ಬಾಯಿ ದೂರದಲ್ಲಿ ಕೈ ತೊಳೆಯುತ್ತ ನಿಂತು, ನನ್ನನ್ನು ನೋಡಿ, ಈ ಸಲ ನಗು ನುಂಗಿಕೊಳ್ಳಲಿಲ್ಲ. ಒಳಗೆ ಹೋದರೆ ಸುವರ್ಣಾ ಕೂಸಿನ ತಲೆಯನ್ನು ನನ್ನ ಕಡೆ ತಿರುಗಿಸಿ, ‘ನೋಡ್ರಿ’ ಎಂದಳು. ತಲೆ ತುಂಬ ಕರ್ರನೆಯ ಕೂದಲು.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಎರಡನೆಯ ಹೆಣ್ಣಿಗೆ ಆಸ್ಪತ್ರೆ ತುಂಬ ಪೇಢೆ ಹಂಚಿದವನ ಸುದ್ದಿ ಊರಲ್ಲಿ ಹಬ್ಬಿತು. ಮರುವರ್ಷ ಮಹಿಳಾ ಮಂಡಳದವರು ಬಂದು, ಹೆಣ್ಣುಮಕ್ಕಳನ್ನು ಸ್ವಾಗತಿಸಿದ ಆದರ್ಶ ತಂದೆಯೆಂದು ನನ್ನನ್ನು ಸನ್ಮಾನಕ್ಕೆ ಆರಿಸಿರುವುದಾಗಿ ಹೇಳಿದರು. ಬೇಡವೆನ್ನಲು ಬಾಯಿ ತೆಗೆದೆ. ಕಾರಣ ಕೇಳಿದರೆ ಏನು ಹೇಳುವುದೆಂದು ಹೆದರಿ ಮುಚ್ಚಿದೆ. ವೇದಿಕೆಯ ಮೇಲೆ ಶಾಲು ಹೊದಿಸಿದರು, ಬೋಳು ತಲೆಗೆ ಪೇಟ ಇಟ್ಟರು. ಮುಖ್ಯ ಅತಿಥಿಗಳು, ಗಂಡು ಹೆಣ್ಣೆಂಬ ಭೇದವಿಲ್ಲದ ಇಂಥ ಮನಸ್ಸು ಈ ಕಲ್ಯಾಣದ ಮಣ್ಣಿನ ಗುಣವೆಂದರು. ಎರಡು ಮಾತಾಡಿ ಎಂದು ನನ್ನ ಕೈಗೆ ಮೈಕು ಕೊಟ್ಟರು. ‘ನನಗೆ ಗಂಡುಮಗು ಬೇಡ, ಹೆಣ್ಣೇ ಬೇಕೆಂದು ನಾನು ಪ್ರತಿ ಸೋಮವಾರ ದೇವರಲ್ಲಿ ಬೇಡಿಕೊಂಡೆ’ ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದ ಸುವರ್ಣಾ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೂತೇ ಇದ್ದಳು. ಅವಳ ಭುಜಗಳು ಅಲುಗುತ್ತಿದ್ದವು. ಪಕ್ಕದಲ್ಲಿದ್ದ ಹೆಂಗಸು, ಪಾಪ, ಆನಂದಕ್ಕೆ ಅಳುತ್ತಿದ್ದಾಳೆಂದು ತಿಳಿದು ಅವಳ ಬೆನ್ನು ಸವರುತ್ತಿದ್ದಳು. ಆ ಬಳಿಕ ಅಂಥ ಸಭೆಗಳಿಗೆ ಎಷ್ಟೋ ಕಡೆಯಿಂದ ಕರೆಗಳು ಬಂದಿವೆ. ಹೇಳಿದೆನಲ್ಲ, ನಾನು ಪುಕ್ಕಲ; ಒಂದಕ್ಕೂ ಬರುವುದಿಲ್ಲ ಎನ್ನುವ ಧೈರ್ಯ ನನಗಾಗಿಲ್ಲ.